ಬಾಯಮ್ಮನ ಒದ್ದೆ ಗೋಣಿ

ಕಳೆದ ವಾರ ಮೀನು ಮಾರುಕಟ್ಟೆಯಲ್ಲಿ ಬಂಗುಡೆಗೆ ಚೌಕಾಸಿ ಮಾಡುತ್ತ ನಿಂತಿದ್ದೆ. ಮೀನಿನವಳು ಐಸಿನ ಮೇಲೆ ಹೊದೆಸಿದ್ದ ಗೋಣಿಯನ್ನು ಎತ್ತಿ ಪಕ್ಕಕ್ಕೆ ಹಾಕಿದಳು. ಅಷ್ಟೂ ಮೀನಿನ ವಾಸನೆಯ ನಡುವೆ ಒದ್ದೆ ಗೋಣಿಯ ವಾಸನೆ ಬೇರೆಯಾಗಿ ಬಂದು ಮೂಗಿಗೆ ತಾಗಿತು. ಅಲ್ಲಿಗೆ ನನ್ನ ಚೌಕಾಸಿ ನಿಂತುಹೋಯಿತು. "ಎಂತ ಅಕ್ಕಾ, ಬೇಕಾ ಬೇಡ್ವಾ? ಐಸ್ ಕರಗ್ತದೆ" ಎಂದು ಅವಳು ಗದರಿಸಿದ ಮೇಲೆ ಅವಳು ಕೇಳಿದಷ್ಟನ್ನೇ ಕೊಟ್ಟು ಮನೆಗೆ ಬಂದೆ. ಒದ್ದೆ ಗೋಣಿಯ ವಾಸನೆ ಎಂದರೆ ನನಗೆ ಇಬ್ರಿ. ಇಬ್ರಿ ಎಂದರೆ ಬಾಯಮ್ಮ...

ನಮ್ಮ ಉಡುಪಿ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದು ಕರೆಯುವ ರೂಢಿ. ಒಮಾನಿನಲ್ಲಿ ನಮ್ಮ ಪಕ್ಕದ ಕ್ಯಾಬಿನ್ನಿನಲ್ಲಿದ್ದವರನ್ನು ಕೊನೆಯವರೆಗೂ ನಾನು ಹಾಗೆಯೇ ಕರೆದೆ. ಅದು ಎಂಬತ್ತರ ದಶಕದ ಕೊನೆ. ಇಬ್ರಿ ಪೇಟೆಯಿಂದ ಆಚೆ, ಮರುಭೂಮಿಯ ಅಂಚಿನಲ್ಲಿ ರಸ್ತೆ ಮಾಡುವ ಕಂಪನಿಯೊಂದರ ಕ್ಯಾಂಪು. ನಮ್ಮವರು ಅಲ್ಲಿ ಫೋರ್‌ಮನ್. ಬಾಯಮ್ಮನ ಗಂಡ ಗ್ಯಾರೇಜಿನ ಮೆಕ್ಯಾನಿಕ್. ಅಷ್ಟು ದೊಡ್ಡ ಕ್ಯಾಂಪಿನಲ್ಲಿ ಹೆಂಗಸರೆಂದರೆ ನಾವಿಬ್ಬರೇ. ಅವರಿಗೆ ನನ್ನ ತಾಯಿಯಷ್ಟು ಪ್ರಾಯವಿಲ್ಲದಿದ್ದರೂ ಗದರಿಸುವುದರಲ್ಲಿ ತಾಯಿಗಿಂತ ಒಂದು ಕೈ ಮೇಲು. ನನ್ನ ಸಾರಿಗೆ ಉಪ್ಪು ಸಾಲದು ಎನ್ನುವುದರಿಂದ ಹಿಡಿದು ನಾನು ಕಾಲು ಚಾಚಿ ಕೂರುವ ರೀತಿಯವರೆಗೆ ಎಲ್ಲದಕ್ಕೂ ಅವರದ್ದೊಂದು ತಕರಾರು ಇರುತ್ತಿತ್ತು. ಮೊದಮೊದಲು ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ನಾನು ಬಸುರಿ. ಮೊದಲನೆಯದು ಊರಿನಲ್ಲಿ, ನಮ್ಮವರು ಒಮಾನಿನಲ್ಲಿದ್ದಾಗ, ಐದನೇ ತಿಂಗಳಿಗೆ ಹೋಗಿತ್ತು. ಆ ಸುದ್ದಿ ಅವರಿಗೆ ತಲುಪುವಷ್ಟರಲ್ಲಿ ನಾನು ಅತ್ತು ಮುಗಿಸಿದ್ದೆ. ಈ ಸಲ ಏನೇ ಆದರೂ ಅವರ ಹತ್ತಿರವೇ ಆಗಲಿ ಎಂದು ಹಟ ಹಿಡಿದು, ಫ್ಯಾಮಿಲಿ ವೀಸಾಕ್ಕೆ ಕಾದು ಕಾದು ಬಂದವಳು ನಾನು. ಆದರೆ ಬಿಸಿಲು ಏರುವ ಹೊತ್ತಿಗೇ ಕ್ಯಾಂಪಿನ ದೊಡ್ಡ ಜನರೇಟರ್ ಕೆಟ್ಟು ಕೂತಿತು. ಅದರ ಸಾಮಾನು ಯಾವುದೋ ದೇಶದಿಂದ ಬರಬೇಕಂತೆ. ಸಣ್ಣ ಜನರೇಟರ್ ಹಗಲು ಹೊತ್ತು ಆಫೀಸಿಗೂ ಮೆಸ್ಸಿನ ಫ್ರೀಜರಿಗೂ ಮಾತ್ರ ಸಾಕಾಗುತ್ತಿತ್ತು. ಕ್ಯಾಬಿನ್ನಿನ ಏಸಿ ಸಂಜೆಯವರೆಗೆ ಬಂದ್. ಮಧ್ಯಾಹ್ನ ಆ ತಗಡಿನ ಗೋಡೆಗೆ ಕೈ ತಾಗಿದರೆ ಚುರ್ರೆನ್ನುತ್ತಿತ್ತು. ನಮ್ಮವರು ನನ್ನ ಮುಖ ನೋಡಿ, "ಊರಿಗೆ ಹೋಗು. ಇನ್ನು ತಡ ಮಾಡಿದರೆ ವಿಮಾನದವರೂ ಹತ್ತಿಸುವುದಿಲ್ಲ" ಎಂದರು. ನಾನು ಹೊರಗೆ ಬಂದು ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕೂತು ಅತ್ತೆ.

ಬಾಯಮ್ಮ ಅದನ್ನು ಕಂಡರು. ಸಮಾಧಾನವೇನೂ ಹೇಳಲಿಲ್ಲ. "ಅಳುವುದು ಮತ್ತೆ ಮಾಡುವ ಮಾರಾಯ್ತಿ, ಮೊದಲು ಗೋಣಿ ಹುಡುಕುವ" ಎಂದು ಮೆಸ್ಸಿನ ಕಡೆ ನಡೆದೇಬಿಟ್ಟರು.

ಎರಡು ಕ್ಯಾಬಿನ್ನುಗಳ ಸಂದಿಯಲ್ಲಿ ಖರ್ಜೂರದ ಗರಿ ಹೊದೆಸಿದ ಸಣ್ಣ ಚಪ್ಪರವೊಂದಿತ್ತು. ಅದರ ಪಡುಗಡೆಗೆ, ಬಿಸಿಗಾಳಿ ಬೀಸುವ ದಿಕ್ಕಿಗೆ, ಮೆಸ್ಸಿನ ಖಾಲಿ ಗೋಣಿಗಳನ್ನು ಬಿಚ್ಚಿ ಹೊಲಿದು ಪರದೆಯಂತೆ ಇಳಿಬಿಟ್ಟರು. ಅವರ ಗಂಡ ಒಂದು ಪೈಪಿಗೆ ಸಾಲಾಗಿ ತೂತು ಕೊರೆದು ಪರದೆಯ ನೆತ್ತಿಗೆ ಕಟ್ಟಿ, ಮೇಲೊಂದು ಡ್ರಮ್ಮು ಕೂರಿಸಿದರು. ಇನ್ನು ನೀರಿನ ಪ್ರಶ್ನೆ. ಕುಡಿಯುವ ನೀರನ್ನು ಮುಟ್ಟುವಂತಿಲ್ಲ. ಹೊಸ ರಸ್ತೆಯ ಮಣ್ಣು ಕೂರಿಸಲು ಹೊಡೆಯುವ ಉಪ್ಪುನೀರಿನ ಟ್ಯಾಂಕರ್ ಒಂದಿತ್ತು. ಅದರ ಪಠಾಣ ಡ್ರೈವರನ ಮುಂದೆ ಬಾಯಮ್ಮ ಕೈ ಅಡ್ಡ ಹಿಡಿದು ನಿಂತರು. ಅವರ ಹಿಂದಿ ದೇವರಿಗೇ ಪ್ರೀತಿ. ಆದರೂ ನನ್ನ ಹೊಟ್ಟೆಯ ಕಡೆ ಬೆರಳು ತೋರಿಸಿದ್ದೇ ಅವನಿಗೆ ಅರ್ಥವಾಯಿತು. "ಯಲ್ಲಾ ಬೆಹೆನ್‌ಜೀ" ಎಂದು ಅರಬ್ಬಿ ಹಿಂದಿ ಬೆರೆಸಿ ಒಪ್ಪಿಕೊಂಡು ಡ್ರಮ್ಮು ತುಂಬಿಸಿ ಹೋದ. ಆಮೇಲೆ ದಿನಾ ಬೆಳಿಗ್ಗೆ ಕೇಳದೆಯೇ ತುಂಬಿಸುತ್ತಿದ್ದ.

ಇಷ್ಟೆಲ್ಲ ಸರಿಯಾಯಿತು. ಆಮೇಲೆ ನಾವಿಬ್ಬರೂ ಕಡಲ ತೀರದ ಹೆಂಗಸರು ಮಾಡುವ ಕೆಲಸವನ್ನೇ ಮಾಡಿದೆವು. ನಮ್ಮೂರಲ್ಲಿ ಬಿಸಿಲಿಗೆ ಕಿಟಕಿ ಬಾಗಿಲು ಮುಚ್ಚಿ ಒಳಗೆ ಕೂತು ಅಭ್ಯಾಸ. ಬಂದ ತಂಪು ಹೊರಗೆ ಹೋಗಬಾರದೆಂದು ಮೂಡುಗಡೆಗೆ ಟಾರ್ಪಾಲು ಬಿಗಿದು, ಸಂದುಗಳಿಗೆಲ್ಲ ಬಟ್ಟೆ ತುರುಕಿದೆವು. ಒಳಗೆ ಚಾಪೆ ಹಾಸಿ ನನ್ನನ್ನು ಮಲಗಿಸಿದರು. ಸ್ವಲ್ಪ ಹೊತ್ತು ಸ್ವರ್ಗವೇ. ಆಮೇಲೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗಾಯಿತು. ಮೈಯೆಲ್ಲ ನೀರು, ಉಸಿರು ಕಟ್ಟುವ ಸೆಖೆ. ಏಳಲು ಹೋದವಳು ಕಣ್ಣು ಕತ್ತಲೆ ಬಂದು ಅಲ್ಲೇ ಕುಸಿದೆ. ಊಟಕ್ಕೆ ಬಂದ ನಮ್ಮವರೇ ನನ್ನನ್ನು ಎತ್ತಿ ಹೊರಗೆ ತಂದದ್ದು. ಅವರ ಮುಖ ಬೆಳ್ಳಗಾಗಿತ್ತು. "ಖಲಾಸ್. ನಾಡಿದ್ದು ಮಸ್ಕತ್ತಿಗೆ ಹೋಗಿ ಟಿಕೆಟ್ ಮಾಡುವ" ಎಂದರು. ಬಾಯಮ್ಮ ತಲೆ ತಗ್ಗಿಸಿ ನಿಂತಿದ್ದರು. ಅವರು ಎದುರು ಮಾತಾಡದೆ ನಿಂತದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಮರುದಿನ ನಾನು ಪೆಟ್ಟಿಗೆಗೆ ಸೀರೆ ತುಂಬುತ್ತಿದ್ದೆ. ಹೊರಗೆ ಬಟ್ಟೆ ಒಣಹಾಕುತ್ತಿದ್ದ ಬಾಯಮ್ಮ, "ಬಾ ಇಲ್ಲಿ, ಬೇಗ ಬಾ" ಎಂದು ಕೂಗಿದರು. ಹೋಗಿ ನೋಡಿದರೆ, ಹಗ್ಗದ ಮೇಲಿನ ಒದ್ದೆ ಬೆಡ್‌ಶೀಟಿನ ಮರೆಗೆ ಸುಮ್ಮನೆ ನಿಂತಿದ್ದಾರೆ. ನನ್ನನ್ನೂ ಎಳೆದು ನಿಲ್ಲಿಸಿಕೊಂಡರು. ಬೆಂಕಿಯಂಥ ಗಾಳಿ ಆ ಶೀಟಿನೊಳಗಿಂದ ನುಗ್ಗಿ ಮುಖಕ್ಕೆ ತಾಗಿದಾಗ ಬಾವಿಕಟ್ಟೆಯ ಗಾಳಿಯಷ್ಟು ತಣ್ಣಗಿತ್ತು.

"ಇಲ್ಲಿಯ ಗಾಳಿಗೆ ಎಂಥಾ ಬಾಯಾರಿಕೆ ನೋಡು. ನೀರು ಕುಡಿದು ತಣ್ಣಗಾಗ್ತದೆ. ಕುಡಿದ ಗಾಳಿಗೆ ಆಚೆ ಹೋಗ್ಲಿಕ್ಕೆ ದಾರಿ ಬೇಡ್ವಾ? ನಾವು ಊರಿನ ಬುದ್ಧಿ ತಂದು ಮುಚ್ಚಿಟ್ಟದ್ದು" ಎಂದರು. ಹಾಗೆಂದವರೇ ಹೋಗಿ ಮೂಡುಗಡೆಯ ಟಾರ್ಪಾಲನ್ನು ಕಿತ್ತೆಸೆದರು.

ಸಂಜೆ ನಮ್ಮವರು ಬಂದಾಗ ನಾನು ಚಪ್ಪರದೊಳಗೆ ಗೊರಕೆ ಹೊಡೆಯುತ್ತಿದ್ದೆನಂತೆ. ಎಬ್ಬಿಸಲು ಬಂದವರು ತಾವೂ ಪಕ್ಕದಲ್ಲಿ ಉರುಳಿಕೊಂಡರು. ನಾಲ್ಕು ದಿನ ನೋಡುವ ಎಂದವರು ಆಮೇಲೆ ಟಿಕೆಟಿನ ಮಾತೆತ್ತಲಿಲ್ಲ.

ಆದರೆ ಆ ಚಪ್ಪರದ ಚಾಕರಿ ಮುಗಿಯುವಂಥದ್ದಲ್ಲ. ಉಪ್ಪುನೀರಲ್ಲವೇ, ಕೆಲವೇ ದಿನಗಳಲ್ಲಿ ಗೋಣಿ ಬೆಳ್ಳಗೆ ಹಪ್ಪಳದಂತೆ ಸೆಟೆದುಕೊಳ್ಳುತ್ತಿತ್ತು. ಗಾಳಿ ಒಳಗೆ ನುಸುಳುತ್ತಿರಲಿಲ್ಲ. ಬಾಯಮ್ಮ ಅದನ್ನು ಇಳಿಸಿ, ಕೋಲಿನಿಂದ ಬಡಿದು ಉಪ್ಪು ಉದುರಿಸಿ ಮತ್ತೆ ಕಟ್ಟುತ್ತಿದ್ದರು. ಪೈಪಿನ ತೂತುಗಳಿಗೆ ಉಪ್ಪು ಕೂತರೆ ಸೂಜಿಯಿಂದ ಚುಚ್ಚುತ್ತಿದ್ದರು. ನಾನು ಕೈ ಹಾಕಲು ಹೋದರೆ, "ನೀನು ಹೊಟ್ಟೆ ನೋಡಿಕೋ, ಗೋಣಿ ನಾನು ನೋಡ್ತೇನೆ" ಎಂದು ಗದರಿಕೆ. ಆ ಸುಡು ಬಿಸಿಲಿನಲ್ಲಿ ಅವರು ಗೋಣಿ ಬಡಿಯುವ ಶಬ್ದ ಕೇಳುತ್ತ ನಾನು ತಂಪಿನಲ್ಲಿ ಮಲಗಿರುತ್ತಿದ್ದೆ...

ಒಮ್ಮೆ ತಡೆಯಲಾಗದೆ ಕೇಳಿದೆ, ನನಗೋಸ್ಕರ ಯಾಕೆ ಇಷ್ಟು ಕಷ್ಟ ಪಡುತ್ತೀರಿ ಎಂದು. ಕೋಲನ್ನು ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು. "ನನ್ನ ಮೂರು ಮಕ್ಕಳು ಹುಟ್ಟುವಾಗಲೂ ಇವರು ಇಲ್ಲೇ ಇದ್ದದ್ದು. ಮಗು ಅತ್ತದ್ದು ಒಂದು ಸಲವೂ ಇವರಿಗೆ ಕೇಳ್ಲಿಲ್ಲ. ನಿನ್ನ ಗಂಡನಿಗಾದ್ರೂ ಕೇಳ್ಲಿ" ಎಂದು ಮತ್ತೆ ಬಡಿಯಲು ಶುರುಮಾಡಿದರು. ಅವರ ಮಕ್ಕಳು ಆಗ ಊರಿನಲ್ಲಿ, ಶಿರ್ವದ ಹತ್ತಿರ ಅಜ್ಜಿಯ ಮನೆಯಲ್ಲಿ ಓದುತ್ತಿದ್ದರು. ಅವರ ಬಗ್ಗೆ ಬಾಯಮ್ಮ ಅದಕ್ಕಿಂತ ಹೆಚ್ಚು ಮಾತಾಡುತ್ತಿರಲಿಲ್ಲ.

ಮಗಳು ಇಬ್ರಿಯ ಆಸ್ಪತ್ರೆಯಲ್ಲಿ ಹುಟ್ಟಿದಳು. ಮೊದಲ ಅಳು ಬಾಗಿಲಾಚೆ ನಿಂತಿದ್ದ ನಮ್ಮವರಿಗೆ ಕೇಳಿಸಿತು. ಅವರಿಗಿಂತ ಜೋರಾಗಿ ಅತ್ತದ್ದು ಬಾಯಮ್ಮನಂತೆ. ಅಷ್ಟು ಹೊತ್ತಿಗೆ ಹೊಸ ಜನರೇಟರ್ ಬಂದು ಏಸಿ ಓಡುತ್ತಿತ್ತು. ಆದರೂ ಮಗು ನಿದ್ದೆ ಮಾಡದಿದ್ದರೆ ಬಾಯಮ್ಮ ಅದನ್ನೆತ್ತಿಕೊಂಡು ಗೋಣಿಯ ಮರೆಗೇ ಹೋಗುತ್ತಿದ್ದರು. ಅಲ್ಲಿ ಅದು ಒಂದು ಗಳಿಗೆಯಲ್ಲಿ ಮಲಗಿಬಿಡುತ್ತಿತ್ತು.

ರಸ್ತೆ ಮುಗಿಯಿತು, ಕ್ಯಾಂಪು ಖಾಲಿಯಾಯಿತು. ತೊಂಬತ್ತರ ದಶಕದ ಮೊದಲಲ್ಲಿ ಅವರು ಊರಿಗೆ ಮರಳಿದರು. ನಾವು ಒಮಾನಿನಲ್ಲೇ ಸೂರ್ ಕಡೆಯ ಇನ್ನೊಂದು ಕೆಲಸಕ್ಕೆ ಹೋದೆವು. ಕೆಲವು ವರ್ಷ ಕ್ರಿಸ್ಮಸ್ ಕಾರ್ಡು ಬರುತ್ತಿತ್ತು, ಆಮೇಲೆ ಅದೂ ನಿಂತಿತು... ಹೋದ ಮಳೆಗಾಲದಲ್ಲಿ ಮದುವೆಯೊಂದರಲ್ಲಿ ಯಾರೋ ಹೇಳಿದರು, ಬಾಯಮ್ಮ ತೀರಿಕೊಂಡರೆಂದು. ಕೇಳಿ ಎದೆ ಒಡೆದಷ್ಟು ದುಃಖವಾಯಿತು. ಅವರಿಲ್ಲದ ಮನೆಗೆ ಹೋಗಲು ಮಾತ್ರ ಮನಸ್ಸು ಬಂದಿರಲಿಲ್ಲ. ಮೀನು ಮಾರುಕಟ್ಟೆಯಿಂದ ಬಂದ ಮರುದಿನವೇ ಮಗಳನ್ನು ಹೊರಡಿಸಿಕೊಂಡು ಶಿರ್ವಕ್ಕೆ ಹೋದೆ.

ಬಾಯಮ್ಮನ ಸೊಸೆ ಚಹಾ ಕೊಟ್ಟು ಹಿಂದಿನ ಜಗಲಿಗೆ ಕರೆದುಕೊಂಡು ಹೋದರು. ಅಲ್ಲಿ ಪಡುಗಡೆಗೆ ಒಂದು ಗೋಣಿಯ ಪರದೆ ತೂಗುತ್ತಿತ್ತು. ಪೂರ್ತಿ ಒಣಗಿತ್ತು. "ಮಮ್ಮಿ ಇರುವಾಗ ಬೇಸಿಗೆಯಲ್ಲಿ ದಿನಾ ಇದಕ್ಕೆ ನೀರು ಹಾಕ್ತಿದ್ರು. ಇಲ್ಲಿ ಇದರಿಂದ ಎಂತ ತಂಪು, ಬೂಷ್ಟು ಬರ್ತದೆ ಅಷ್ಟೇ ಅಂತ ನಾವು ಹೇಳಿದ್ರೆ, ಗೊತ್ತುಂಟು ಅಂತ ನಗ್ತಿದ್ರು" ಎಂದರು ಸೊಸೆ. ಆಮೇಲೆ ನನ್ನ ಮಗಳನ್ನು ಒಂದು ಕ್ಷಣ ನೋಡಿ, "ಗೋಣಿಯ ಪಾಪು ಅಂತ ಮಮ್ಮಿ ಯಾವಾಗಲೂ ಹೇಳ್ತಿದ್ರು. ಅದು ನೀವಾ?" ಎಂದು ಕೇಳಿದರು.

"ಹೌದು, ನಾನೇ" ಎಂದಳು ಮಗಳು. ಎದ್ದು ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರವಿದ್ದ ಬಕೆಟ್ಟಿನಿಂದ ಚೆಂಬಲ್ಲಿ ನೀರು ತುಂಬಿ ಗೋಣಿಯ ಮೇಲೆ ಸುರಿದಳು. ಇನ್ನೊಂದು ಚೆಂಬು, ಮತ್ತೊಂದು ಚೆಂಬು. ವಾಸನೆ ಎದ್ದಿತು. ಯಾರಿಗೆ ಕೃತಜ್ಞತೆ ಹೇಳಬೇಕಿತ್ತೋ ಅವರು ಇರಲಿಲ್ಲ. ಕಡಲ ಕಡೆಯಿಂದ ಬಂದ ಗಾಳಿಗೆ ನಮ್ಮೂರಿನ ಅದೇ ಅಂಟು ಸೆಖೆ. ಸ್ವಲ್ಪವೂ ತಂಪಾಗಲಿಲ್ಲ. ಆದರೂ ಬಿಸಿಲು ಇಳಿಯುವವರೆಗೆ ನಾವಿಬ್ಬರೂ ಆ ಗೋಣಿಯ ಮರೆಯಲ್ಲೇ ಕೂತಿದ್ದೆವು.