ಚಂದ್ರಬಾಯಿಯ ಕಿಟಕಿ ಸೀಟು

ಡೊಂಬಿವಲಿ ಸ್ಟೇಷನ್ನಿನ ಹೊರಗಿನ ಹೋಟೆಲಿನಲ್ಲಿ ದೋಸೆ ಹೊಯ್ಯುವ ಗುರುವಪ್ಪನ ಎದುರು ಈಗಲೂ ಭಾವ ವಸಂತಕುಮಾರನ ಹೆಸರೆತ್ತಬಾರದು. ಎತ್ತಿದರೆ ಕಾವಲಿಗಿಂತ ಮೊದಲು ಅವನೇ ಕಾಯುತ್ತಾನೆ. ಹೆಂಡತಿಯ ಅಣ್ಣನಾದರೇನಂತೆ? ಹೊಸ ಕಾರಿನ ಸೀಟಿನ ಮೇಲೆ ಮಗು ವಾಂತಿ ಮಾಡಿತೆಂದು ಶಿಳ್‌ಫಾಟಾದ ಧೂಳಿನಲ್ಲಿ ಮೂವರನ್ನೂ ಇಳಿಸಿ, “ನಿಮ್ಮ ಮಗುವಿಗೆ ಲೋಕಲ್ ಟ್ರೇನೇ ಸರಿ ಮಾರಾಯಾ” ಎಂದು ಗಾಜು ಏರಿಸಿಕೊಂಡು ಹೋದ ಮನುಷ್ಯ ಅವನು. ಅಂದು ಸೀವುಡ್ಸಿನಲ್ಲಿ ಮಕ್ಕಳ ಯಕ್ಷಗಾನ. ಮಗಳು ದಿಶಾ ಕಟ್ಟಬೇಕಿದ್ದ ಲವನ ವೇಷವನ್ನು ಬೇರೆ ಹುಡುಗಿ ಕಟ್ಟಿದಳು.

ಮರುವರ್ಷ ಭಾಗವತರು ಅದೇ ವೇಷ ಕೊಟ್ಟರು. ಕೊಡುವಾಗಲೇ, “ಗುರುವಪ್ಪಣ್ಣ, ಈ ಸಲವೂ ಮಗು ಬಾರದಿದ್ರೆ ಇನ್ನು ನನ್ನನ್ನು ಕೇಳ್ಬೇಡಿ” ಎಂದು ಕಡ್ಡಿ ಮುರಿದಂತೆ ಹೇಳಿದರು.

ರೈಲಿನಲ್ಲಿ ದಿಶಾಳಿಗೆ ಏನೂ ಆಗುತ್ತಿರಲಿಲ್ಲ. ಆದರೆ ಯಕ್ಷಗಾನದ ರವಿವಾರವೇ ಮೆಗಾಬ್ಲಾಕ್, ಹಳಿ ರಿಪೇರಿಗೆಂದು ಲೋಕಲ್ ಬಂದ್. ಬಸ್ಸೇ ಗತಿ. ಗುರುವಪ್ಪ ತನ್ನದೇ ಉಪಾಯ ಹೂಡಿದ. ಬೆಳಗಿನಿಂದ ಮಗಳ ಬಾಯಿಗೆ ಒಂದು ತುತ್ತು ಬೀಳಗೊಡಲಿಲ್ಲ. ಹೊಟ್ಟೆಯಲ್ಲಿ ಇದ್ದರೆ ತಾನೇ ಹೊರಗೆ ಬರುವುದು? ಪ್ರೇಕ್ಷಕರ ಮುಂದಿನ ಸಾಲಿನಲ್ಲಿ ವಸಂತಕುಮಾರ ಕುಳಿತಿರುತ್ತಾನೆ, ಅವನೆದುರು ನಾವೇನು ಕಡಿಮೆ ಎಂದು ಉಡುಪಿ ಬಸ್ಸಿನಲ್ಲಿ ಮಲ್ಲಿಗೆ ಬೇರೆ ತರಿಸಿದ್ದ. ತಾಯಿಯ ಜಡೆಗೂ ಹೂ, ಮಗಳ ಜಡೆಗೂ ಹೂ.

ಬಸ್ಸಿನಲ್ಲಿ ಗರ್ದಿ. ಸಿಕ್ಕಿದ್ದು ಹಿಂದಿನ ಚಕ್ರದ ಮೇಲಿನ ಸೀಟು. ಮಗು ಸುಮ್ಮನಿರಲೆಂದು ಮೊಬೈಲಿನಲ್ಲಿ ಆಟ ಹಾಕಿಕೊಟ್ಟ. ಕಾಟಯೀ ದಾಟುವಾಗ ದಿಶಾಳ ತುಟಿ ಬಿಳುಚಿತು.

“ಪಪ್ಪಾ, ಉಲ್ಟಿ ಆ ರಹಾ ಹೈ.”

“ವಾಂತಿ ಬರುದಿಲ್ಲ! ಹೊಟ್ಟೆಯಲ್ಲಿ ಎಂತ ಉಂಟು ಅಂತ ಬರುದು? ಆಟ ಆಡು!”

ಹೆಂಡತಿ ಹರಿಣಾಕ್ಷಿ ಸಿಡುಕಿದಳು: “ಊರಿಗೆಲ್ಲ ದೋಸೆ ಹೊಯ್ತಾರೆ, ಮಗಳಿಗೆ ಮಾತ್ರ ಇವತ್ತು ಏಕಾದಶಿ.”

ಮುಂದಿನ ಬಾಗಿಲ ಬಳಿಯ ಕಿಟಕಿ ಸೀಟಿನಿಂದ ಒಬ್ಬ ಹೆಂಗಸು ತಿರುಗಿ ನೋಡಿದಳು. ಕೈಯಲ್ಲಿ ಒಂದು ನಿಂಬೆಹಣ್ಣು. “ಯಣ್ಣಾ, ಮೊದಲ ಆ ಮೊಬೈಲ್ ಕಸಗೊ. ಆಮ್ಯಾಲ ಆ ಹೂವ ತಗಿ. ಇಲ್ಲೀತನಕ ಬಡಿಯಾಕತ್ತೈತಿ ಅದರ ವಾಸನಿ.”

ಗುರುವಪ್ಪ ಸಿಡಿದ. “ನಮ್ಮೂರ ಮಲ್ಲಿಗೆಗೆ ಹೆಸರಿಡ್ಲಿಕ್ಕೆ ನೀನು ಯಾರು? ನಿನ್ನ ಹತ್ರ ಕೇಳಿದವರು ಯಾರು? ಬಾಯಿ ಮುಚ್ಚಿ ಕೂತ್ಕೊ!”

“ಹೂವ ದೇವರಿಗಿ ಚಲೋ, ಬಸ್ಸಿಗಿ ಅಲ್ಲ. ನೀ ಆಮ್ಯಾಲ ಬೈಯಿ, ಕೂಸಿನ ಮಾರಿ ನೋಡು ಮೊದಲ.”

ದಿಶಾಳ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಹೆಂಗಸು ಎದ್ದು ಬಂದು, ಯಾರನ್ನೂ ಕೇಳದೆ ಮಗುವಿನ ರಟ್ಟೆ ಹಿಡಿದು ತನ್ನ ಜಾಗದಲ್ಲಿ ಕೂರಿಸಿದಳು. ಕಿಟಕಿ ಪೂರ್ತಿ ತೆರೆದಳು. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಚುರಮುರಿ, ಉಪ್ಪು ಹಚ್ಚಿದ ಒಂದು ಚೂರು ಹಸಿಶುಂಠಿ ಕೊಟ್ಟಳು. “ಖಾಲಿ ಹೊಟ್ಟಿ ಇನ್ನೂ ಜಾಸ್ತಿ ತೊಳಸ್ತದ ಯವ್ವಾ. ಸಾವಕಾಶ ತಿನ್ನು. ಕೆಳಗ ರೋಡ್ ನೋಡಬ್ಯಾಡ, ದೂರ ಆ ಗುಡ್ಡ ನೋಡು.” ನಿಂಬೆಯ ಸಿಪ್ಪೆಯನ್ನು ಉಗುರಿನಿಂದ ಗೀರಿ ಮಗುವಿನ ಅಂಗೈಗೆ ತುರುಕಿದಳು. ಆಮೇಲೆ ಇಬ್ಬರ ಹೂವನ್ನೂ ಇಸಿದುಕೊಂಡು, ಹರಿಣಾಕ್ಷಿಯನ್ನು ಮಗಳ ಬಳಿಗೆ ಕಳಿಸಿ, ತಾನು ಚಕ್ರದ ಮೇಲಿನ ಸೀಟಿಗೆ ಹೋಗಿ ಕುಳಿತಳು.

ಗುರುವಪ್ಪ ಮಗಳ ಪಕ್ಕ ಕಂಬಿ ಹಿಡಿದು ನಿಂತ. ಈಗ ಬರುತ್ತದೆ, ಇನ್ನೇನು ಬಂತು ಎಂದು ಅವಳ ಬಾಯನ್ನೇ ನೋಡುತ್ತಿದ್ದ. ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಬಸ್ಸು ಮುಗ್ಗರಿಸಿದಾಗ ದಿಶಾ ಬಾಯಿ ಬಿಗಿಹಿಡಿದಳು. ಅವನು ವೇಷಕ್ಕೆಂದು ತಂದಿದ್ದ ಮುಂಡಾಸಿನ ಬಟ್ಟೆಯನ್ನೇ ಒಡ್ಡಿದ. ಒಂದು ತೇಗು ಬಂತು, ಅಷ್ಟೇ. ಮಗು ಗುಡ್ಡವನ್ನೇ ನೋಡುತ್ತ ನಿಂಬೆ ಮೂಸಿತು. ಸ್ವಲ್ಪ ಹೊತ್ತಿಗೆ, “ಪಪ್ಪಾ, ಔರ್ ಚುರಮುರಿ ಹೈ ಕ್ಯಾ?” ಎಂದಿತು. ಗುರುವಪ್ಪನಿಗೆ ನಗು ಬಂತು, ಹಿಂದೆ ತಿರುಗಿ ನೋಡಬೇಕೆಂದು ಮಾತ್ರ ಹೊಳೆಯಲಿಲ್ಲ.

ಮಹಾಪೆಯಲ್ಲಿ ಬಸ್ಸು ನಿಂತು ಹೊರಟಿತು. ಕಂಡಕ್ಟರ್ ಹೂವಿನ ಪೊಟ್ಟಣ ತಂದು ಗುರುವಪ್ಪನ ಕೈಗಿತ್ತ. “ಚಂದ್ರಬಾಯಿನೆ ದಿಯಾ. ವೋ ಕಭೀ ಪೀಛೆ ನಹೀ ಬೈಠತೀ, ಉಸಕೋ ಭೀ ಉಲ್ಟಿ ಹೋತಾ ಹೈ. ಆಗೇ ಕಾ ಸೀಟ್ ನಹೀ ಮಿಲಾ ತೋ ಬಸ್ ಛೋಡ್ ದೇತೀ ಹೈ.”

ಆಕೆಗೂ ಬಸ್ಸಿನಲ್ಲಿ ವಾಂತಿಯಂತೆ, ಮುಂದಿನ ಸೀಟು ಸಿಗದಿದ್ದರೆ ಬಸ್ಸನ್ನೇ ಬಿಡುತ್ತಾಳಂತೆ! ಗುರುವಪ್ಪ ಕಿಟಕಿಗೆ ಬಾಗಿದ. ದೂರವಾಗುತ್ತಿದ್ದ ಸ್ಟಾಪಿನಲ್ಲಿ, ಕಂಬ ಹಿಡಿದು ನೆಲಕ್ಕೆ ಬಗ್ಗಿದ್ದ ಹೆಂಗಸಿನ ಬೆನ್ನು ಕಂಡಿತು. “ನಿಲ್ಸಿ! ರೋಕೋ!” ಎಂದು ಕೂಗಿದ. ಡ್ರೈವರ್ ಯಾರ ಮಾತು ಕೇಳುತ್ತಾನೆ?

ಆ ಸಂಜೆ ದಿಶಾಳ ಲವ ರಂಗವೇರಿ ಕುಣಿದ. ವಸಂತಕುಮಾರ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಗುರುವಪ್ಪನಿಗೆ ಅವನ ಕಡೆ ನೋಡಿ ಬೀಗಲೂ ಮನಸ್ಸಾಗಲಿಲ್ಲ.

ಆಮೇಲೆ ಅನೇಕ ರವಿವಾರ ಜೇಬಿನಲ್ಲಿ ನಿಂಬೆ ಇಟ್ಟುಕೊಂಡು ಅದೇ ಬಸ್ಸು ಹತ್ತಿದ. ಬಾಗಿಲ ಬಳಿಯ ಸೀಟಿನಲ್ಲಿ ಪ್ರತಿ ಸಲವೂ ಬೇರೆ ಯಾರೋ. ಮಹಾಪೆಯಲ್ಲಿ ಇಳಿದು ಕಂಬದ ಬಳಿ ನಿಂತೂ ನೋಡಿದ. ಕಂಡಕ್ಟರೂ ಬದಲಾಗಿದ್ದ. ಆಕೆಯ ನಿಂಬೆ ಇವರ ಮನೆಯಲ್ಲಿ ಒಣಗಿತು. ಇವನ ಬೈಗುಳ ಆಕೆಯ ಬಳಿಯೇ ಉಳಿಯಿತು.