ಅಳುಬುರುಕನ ಫೈಲು

ನಮ್ಮ ಯಜಮಾನರು ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಜೋಗುಪಾಳ್ಯದ ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ಗೋಡೆಯುದ್ದಕ್ಕೂ ಫೈಲುಗಳು, ಅವುಗಳ ತುಂಬ ಹಳೆಯ ಲಿಫ್ಟುಗಳ ಮ್ಯಾನುಯಲ್ಲು, ವೈರಿಂಗ್ ಡ್ರಾಯಿಂಗು. ಇದ್ದಷ್ಟು ದಿನ ಒಂದು ಹಾಳೆ ಮುಟ್ಟಲು ಬಿಟ್ಟವರಲ್ಲ. ಅವರು ತೀರಿಹೋದ ಮೇಲೆ ಎಲ್ಲವೂ ನನ್ನ ತಲೆಗೆ ಬಂತು.

ಅವರ ಕೈಕೆಳಗೆ ಪಳಗಿದ ಮೆಕ್ಯಾನಿಕ್ ಕೆಲಸ ಮುಂದುವರಿಸಲು ಒಪ್ಪಿದ್ದ. "ಅಕ್ಕಾ, ಫೈಲೆಲ್ಲಾ ಕಂಪನಿ ಪ್ರಕಾರ ಜೋಡಿಸಿ, ಕಂಪ್ಯೂಟರಲ್ಲಿ ಒಂದು ಇಂಡೆಕ್ಸ್ ಮಾಡ್ಕೊಡಿ. ಹೊಸಬ್ರಿಗೆ ಅಣ್ಣನ ಲೆಕ್ಕ ಅರ್ಥ ಆಗಲ್ಲ" ಎಂದ.

ಅಣ್ಣನ ಲೆಕ್ಕ ವಿಚಿತ್ರವೇ. ಲಿಫ್ಟಿನ ಸ್ವಭಾವವೇ ಫೈಲಿನ ಹೆಸರು, ಅದನ್ನೇ ಚೀಟಿಯಲ್ಲಿ ಬರೆದು ಅಂಟಿಸುತ್ತಿದ್ದರು. ದೊಮ್ಮಲೂರಿನದು 'ಗೊಣಗೋಳು'. ಮೇಲೇರುವಾಗ ಕುಯ್ಗುಡುವುದು 'ಅಳುಬುರುಕ'. ಆಯುಧಪೂಜೆಯ ದಿನ ಸ್ಪ್ಯಾನರಿಗಿಂತ ಮೊದಲು ಈ ಚೀಟಿಗಳಿಗೇ ಕುಂಕುಮ. ನನ್ನನ್ನು ಯಾವತ್ತಾದರೂ ಇಷ್ಟು ವಿಚಾರಿಸಿಕೊಂಡಿದ್ದೀರಾ ಎಂದು ರೇಗುತ್ತಿದ್ದೆ. "ಇರು, ನಿಂಗೂ ಒಂದು ಫೈಲ್ ಮಾಡ್ತೀನಿ, ಸಿಡುಕಿ ಅಂತ" ಎನ್ನುತ್ತಿದ್ದರು.

ಒದ್ದೆ ಬಟ್ಟೆಯಲ್ಲಿ ಒರೆಸಿ ಒಂದೊಂದೇ ಚೀಟಿ ಕಿತ್ತೆ. ಕಂಪನಿ, ಮಾಡೆಲ್ ನಂಬರ್ ಇರುವ ಹೊಸದನ್ನು ಅಂಟಿಸಿದೆ. ಸಾಲು ನೆಟ್ಟಗಾಯಿತು, ಕೋಣೆ ಮಾತ್ರ ಯಾರದೋ ಆಫೀಸಿನ ಹಾಗಾಯಿತು. ಕಿತ್ತ ಚೀಟಿಗಳನ್ನು ಎಸೆಯಲು ಮನಸ್ಸು ಬಾರದೆ ಬಿಸ್ಕತ್ತಿನ ಡಬ್ಬಿಗೆ ಹಾಕಿಟ್ಟೆ.

ಮುಂದಿನ ವಾರ ರಸೆಲ್ ಮಾರುಕಟ್ಟೆ ಹಿಂದಿನ ಒಂದು ಕಟ್ಟಡದಿಂದ ಆ ಮೆಕ್ಯಾನಿಕ್ ಫೋನ್ ಮಾಡಿದ.

"ಅಕ್ಕಾ, ಲಿಫ್ಟ್ ನಿಂತ್ಬಿಟ್ಟಿದೆ. ವೈರಿಂಗ್ ಡ್ರಾಯಿಂಗ್ ಫೋಟೋ ತೆಗೆದು ಕಳ್ಸಿ."

"ಯಾವ ಕಂಪನೀದು?"

"ಹೆಸರಿನ ಪ್ಲೇಟ್ ಮೇಲೆ ಪೇಂಟ್ ಬಳಿದ್ಬಿಟ್ಟವ್ರೆ, ಗೊತ್ತಾಗ್ತಿಲ್ಲ. ಅದೇ ಅಕ್ಕಾ, ಅಣ್ಣ ಅಳುಬುರುಕ ಅಂತಿದ್ರಲ್ಲ, ಅದು."

ಡಬ್ಬಿ ತೆರೆದೆ. ಚೀಟಿಯೇನೋ ಸಿಕ್ಕಿತು, ಕುಂಕುಮದ ಸಮೇತ. ಅದನ್ನು ಯಾವ ಫೈಲಿನಿಂದ ಕಿತ್ತಿದ್ದೆನೋ ನೆನಪಾಗಲಿಲ್ಲ. ಎಲ್ಲವೂ ಈಗ ಒಂದೇ ಥರ ನಿಂತಿದ್ದವು.

"ಒಂದ್ನಿಮಿಷ ಇರು" ಎಂದೆ. ಫೋನು ಹಿಡಿದುಕೊಂಡೇ ಒಳಕೋಣೆಯ ಕಡೆ ತಿರುಗಿ, "ರೀ, ಅಳುಬುರುಕ ಯಾವ ಫೈಲು?" ಎಂದು ಕೂಗಿದೆ.

ಅದು ಅವನಿಗೂ ಕೇಳಿಸಿತು. "ಅಕ್ಕಾ..." ಎಂದ.