ಸದ್ದು ಮಾಡದ ನಾಣ್ಯ

ದೆವ್ವ, ಶಕುನ, ಕನಸಿನಲ್ಲಿ ಬಂದು ಹೇಳಿದ ಅಜ್ಜಿ, ಇಂಥ ಮಾತು ಶುರುವಾದರೆ ಕಾಫಿ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋಗುವವಳು ನಾನು. ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತೇನೆ. ಕಣ್ಣಾರೆ ಕಂಡೆ ಎನ್ನುವವರ ಕಣ್ಣನ್ನೇ ಮೊದಲು ಪರೀಕ್ಷಿಸಬೇಕು ಎಂದು ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ಹಾಗಾಗಿ ಕೆಲವು ವರ್ಷಗಳ ಹಿಂದೆ ಅಮೃತಹಳ್ಳಿಯ ನನ್ನ ಮನೆಯಲ್ಲೇ ನಡೆದ ಇದನ್ನು ಬರೆಯಲು ಸಂಕೋಚವಾಗುತ್ತದೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನನಗೆ ಹಳೆಯ ನಾಣ್ಯಗಳ ಹುಚ್ಚು. ಅದರಲ್ಲೂ ನಬಾಟಿಯನ್ನರ ಕಂಚಿನ ನಾಣ್ಯ ಸಿಕ್ಕಿತೆಂದರೆ ಊಟ ಬಿಟ್ಟು ಕೂರುತ್ತೇನೆ. ಎರಡು ಸಾವಿರ ವರ್ಷಗಳ ಹಿಂದೆ, ಈಗಿನ ಜೋರ್ಡಾನ್ ದೇಶದ ಮರುಭೂಮಿಯಲ್ಲಿ ಬಂಡೆ ಕೊರೆದು ಊರು ಮಾಡಿಕೊಂಡಿದ್ದ ವ್ಯಾಪಾರಿಗಳು ಅವರು. ಅವರ ನಾಣ್ಯ ಹೆಬ್ಬೆರಳಿನ ಉಗುರಿನಷ್ಟು. ಒಂದು ಬದಿಗೆ ರಾಜ, ಅವನ ಪಕ್ಕಕ್ಕೆ ಒತ್ತಿಕೊಂಡಂತೆ ರಾಣಿ; ಅವಳ ಮೂಗು, ಗಲ್ಲದ ಅಂಚು ಮಾತ್ರ ಕಾಣುತ್ತದೆ. ಇನ್ನೊಂದು ಬದಿಗೆ ಹಣ್ಣು ತುಂಬಿದ ಎರಡು ಕೊಂಬುಗಳು ಒಂದನ್ನೊಂದು ಹಾದು ನಿಂತಿರುತ್ತವೆ. ಸವೆದ ಕಂಚಿನಲ್ಲಿ ರಾಣಿಯ ಆ ಅಂಚು ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ, ಅದು ಅಸಲಿಯೋ ನಕಲಿಯೋ ಎಂಬುದು. ಅದಕ್ಕೆ ಭೂತಗನ್ನಡಿ, ಸಣ್ಣ ತಕ್ಕಡಿ ಇಟ್ಟುಕೊಂಡಿದ್ದೇನೆ. ಇದಲ್ಲದೆ ನನ್ನದೇ ಒಂದು ರೂಢಿಯಿದೆ: ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಸ್ವಲ್ಪ ಎತ್ತರದಿಂದ ಬಿಟ್ಟು ಸದ್ದು ಕೇಳುವುದು. ಬಲ್ಲವರು ಇದನ್ನು ಕೇಳಿದರೆ ಬೈಯುತ್ತಾರೆ. ಆದರೂ ಕಿವಿಗೊಂದು ಅಂದಾಜು ಸಿಗುತ್ತದೆ.

ನಮ್ಮ ಮಹಡಿ ಮನೆಯಲ್ಲಿ ಆಗ ಮಂಜುಳಾ ಬಾಡಿಗೆಗಿದ್ದಳು. ಯಲಹಂಕದ ಆಚೆಯ ಹಳ್ಳಿಯವಳು, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಗಂಡ ನಾಗರಾಜ ಒಳ್ಳೆಯ ಟೈಲರ್. ಜೋರ್ಡಾನಿನ ಒಂದು ಬಟ್ಟೆ ಕಾರ್ಖಾನೆಗೆ ದುಡಿಯಲು ಹೋಗಿದ್ದ. ಹೋಗುವ ಮುಂಚೆ ಪಾಪ, ನನ್ನಿಂದ ರಾಜ ರಾಣಿಯ ಪಾಠ ಹೇಳಿಸಿಕೊಂಡೇ ವಿಮಾನ ಹತ್ತಿದ್ದ. ಜನವರಿಯ ಒಂದು ಭಾನುವಾರ ಮಧ್ಯಾಹ್ನ ಮಂಜುಳಾ ಇಳಿದು ಬಂದು ನನ್ನ ಕೈಗೆ ಹತ್ತಿಯಲ್ಲಿ ಸುತ್ತಿದ ಪುಟ್ಟ ನಾಣ್ಯವೊಂದನ್ನು ಕೊಟ್ಟಳು. ರಜೆಗೆ ಬಂದ ಜೊತೆಗಾರನ ಕೈಲಿ ನಾಗರಾಜ ಕಳಿಸಿದ್ದನಂತೆ.

“ಅಂಗಡಿಯವ್ನು ನಕಲು ಅಂತಲೇ ಮಾರಿದ್ನಂತೆ. ಅಕ್ಕಂಗೆ ಆಟಕ್ಕಾದ್ರೂ ಆಗ್ಲಿ ಅಂದ್ರು ನಮ್ಮೆಜಮಾನ್ರು” ಎಂದಳು.

ಭೂತಗನ್ನಡಿ ಹಿಡಿದೆ. ರಾಣಿಯ ಅಂಚು ಸ್ಪಷ್ಟವಾಗಿತ್ತು. ಅಚ್ಚಿನಲ್ಲಿ ಎರಕ ಹೊಯ್ದ ನಕಲಿಗೆ ಸುತ್ತಲೂ ಒಂದು ಗೆರೆ ಉಳಿಯುತ್ತದೆ. ಇದಕ್ಕೆ ಅದು ಇರಲಿಲ್ಲ. ಅಸಲಿಯೇ ಇರಬೇಕು ಎನಿಸಿತು. ಕಲ್ಲಿನ ಮುಂದೆ ಕೂತು ನಾಣ್ಯವನ್ನು ಬಿಟ್ಟೆ.

ಸದ್ದಾಗಲಿಲ್ಲ. ಬಿತ್ತು, ಒಮ್ಮೆ ಪುಟಿಯಿತು, ಮಗ್ಗುಲಾಗಿ ನಿಂತಿತು. ಸದ್ದು ಮಾತ್ರ ಇಲ್ಲ. ಮತ್ತೊಮ್ಮೆ ಬಿಟ್ಟೆ. ಹಾಗೆಯೇ. ಕಿವಿ ಕೆಟ್ಟಿತೇ ಎಂದುಕೊಂಡರೆ ಪಕ್ಕದ ಮನೆಯ ಕುಕ್ಕರ್ ಕೂಗುತ್ತಿತ್ತು, ನಲ್ಲಿ ತೊಟ್ಟಿಕ್ಕುತ್ತಿತ್ತು. ನನ್ನ ಪೆಟ್ಟಿಗೆಯಿಂದ ಬೇರೊಂದು ನಾಣ್ಯ ತಂದು ಬಿಟ್ಟೆ. ಅದು ಟಣ್ ಎಂದಿತು. ಮಂಜುಳಾಳ ಮುಖ ನೋಡಿದೆ. ಅವಳಿಗೂ ಮೊದಲಿನದರ ಸದ್ದು ಕೇಳಿಸಿರಲಿಲ್ಲ.

ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಹೆದರಿದಾಗ ನನ್ನ ನಾಲಿಗೆಗೆ ನಮ್ಮ ಗದಗಿನ ಮಾತೇ ಬರುವುದು. “ಸಾಕು ಬಿಡವ್ವ, ನನ್ನ ಕಿವ್ಯಾಗ ಏನೋ ಆಗೇತಿ” ಎಂದು ಅದನ್ನು ಹತ್ತಿಯಲ್ಲಿ ಸುತ್ತಲು ಹೋದೆ.

ಅವಳು ನನ್ನ ಮುಂಗೈ ಹಿಡಿದಳು. “ಇನ್ನೊಂದ್ಸಲ ಬಿಡಿ ಅಕ್ಕ. ಇಂಗೇ ಎತ್ತಿಟ್ರೆ ನಂಗೆ ನಿದ್ದೆ ಬರಾಕಿಲ್ಲ.”

ಅವಳ ಸಮಾಧಾನಕ್ಕೆಂದು ಬಿಟ್ಟೆ. ಮೂರನೆಯ ಸಲವೂ ಸದ್ದಿಲ್ಲ.

ಮಂಜುಳಾ ತಕ್ಷಣ ಗಂಡನಿಗೆ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಅವನದು ರಾತ್ರಿ ಪಾಳಿ, ಹಗಲು ಮಲಗಿರುತ್ತಾನೆ ಎಂದು ನಾನೇ ಹೇಳಿದೆ. ಅವಳು ಮತ್ತೆ ಮಾಡಿದಳು, ಮತ್ತೆ ಮಾಡಿದಳು. ಸಂಜೆಯವರೆಗೂ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತೇ ಇದ್ದಳು. ಚಹಾ ಮಾಡಿಕೊಟ್ಟರೆ ಮುಟ್ಟಲಿಲ್ಲ. ಒಂದು ತುಂಡು ಕಂಚಿಗೆ ಇಷ್ಟು ಹೆದರುವುದೇ ಎಂದು ಗದರಿದೆ. ಗದರುವಾಗಲೂ ನನ್ನ ಕಣ್ಣು ಅವಳ ಫೋನಿನ ಮೇಲೆಯೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ಅವನೇ ಮಾಡಿದ. ಆಸ್ಪತ್ರೆಯಿಂದ. ಮಂಜುಳಾ ಸ್ಪೀಕರ್ ಒತ್ತಿದಳು. ಚಳಿಗೆ ಕಿಟಕಿ ಮುಚ್ಚಿ, ಸೀಮೆಎಣ್ಣೆಯ ಒಲೆ ಹಚ್ಚಿಟ್ಟು ಅವನೂ ಜೊತೆಗಾರರೂ ಮಲಗಿದ್ದರಂತೆ. ಒಲೆಯಿಂದ ಹೊರಟ, ಕಣ್ಣಿಗೆ ಕಾಣದ ವಿಷಗಾಳಿ ಕೋಣೆಯಲ್ಲಿ ತುಂಬಿತ್ತು.

“ತಲೆ ಹತ್ರಾನೇ ಯಾರೋ ಕಾಸು ಬೀಳಿಸಿದಂಗಾಯ್ತು ಕಣೇ. ಎರಡು ಸಲ. ಯಾರ್ದೋ ಜೇಬಿಂದು ಅಂತ ಸುಮ್ಕಿದ್ದೆ. ವಸಿ ಹೊತ್ತಾದ್ಮೇಲೆ ಇನ್ನೊಂದ್ಸಲ ಟಣ್ ಅಂತು. ಕ್ವಾಪ ಬಂದು ಎದ್ದೆ. ಎದ್ರೆ ಕಾಲೇ ನಿಲ್ಲಾಕಿಲ್ಲ. ತೆವಳ್ಕೊಂಡೋಗಿ ಬಾಗ್ಲು ತೆಗ್ದೆ.”

ಎಲ್ಲರೂ ಬದುಕಿದ್ದರು. ನಾವು ಅವನಿಗೆ ನಾಣ್ಯದ ಮಾತನ್ನೇ ಎತ್ತಿರಲಿಲ್ಲ. ಆಮೇಲೆ ನಾನು ಅಲ್ಲಿಯ ಹೊತ್ತನ್ನು ಇಲ್ಲಿಯದಕ್ಕೆ ಹೊಂದಿಸಿ ನೋಡಿದೆ. ನಾನು ಕಲ್ಲಿನ ಮುಂದೆ ಕೂತಿದ್ದ ಹೊತ್ತೇ ಅದು.

ಆ ಗಾಳಿ ಕುಡಿದವರಿಗೆ ಕಿವಿಯಲ್ಲಿ ಸದ್ದು ಕೇಳುವುದುಂಟು ಎಂದು ಪರಿಚಯದ ವೈದ್ಯರೊಬ್ಬರು ಹೇಳಿದರು. ಇರಬಹುದು. ಇಲ್ಲಿ ನಮ್ಮಿಬ್ಬರಿಗೂ ಕೇಳದೆ ಹೋದದ್ದು ಏಕೆ ಎಂದರೆ ಅವರು ನಕ್ಕರು. ಅವರ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ. ಮೂರನೆಯ ಸಲ ಬೇಡವೆಂದವಳು ನಾನು; ಮಂಜುಳಾ ಮುಂಗೈ ಹಿಡಿಯದಿದ್ದರೆ ಆ ಮೂರನೆಯ ಟಣ್ ಅವನಿಗೆ ಕೇಳುತ್ತಿತ್ತೇ?

ಮುಂದೆ ನಾಗರಾಜ ರಜೆಗೆ ಬಂದ. ಗಂಡ ಹೆಂಡತಿ ಇಬ್ಬರೂ ನಮ್ಮ ಅಡುಗೆಮನೆಯಲ್ಲೇ ಕೂತಿದ್ದರು. ಅದೇ ಸದ್ದೋ ಅಲ್ಲವೋ ಕೇಳಬೇಕು ಎಂದು ಅವನಿಗೆ ಆಸೆ. ನನಗೂ ಇತ್ತು. ಪೆಟ್ಟಿಗೆಯಿಂದ ನಾಣ್ಯ ತೆಗೆದು ಕೈಯೆತ್ತಿದೆ. ಮಂಜುಳಾ ಕಲ್ಲಿನ ಮೇಲೆ ಅಂಗೈ ಹರಡಿಬಿಟ್ಟಳು.

“ಬ್ಯಾಡ ಅಕ್ಕ. ಇವ್ರು ಇಲ್ಲೇ ಅವ್ರಲ್ಲ. ಇನ್ಯಾರ ಮನೇಲಿ ಕೇಳಿಸ್ಬೇಕು ಅದು?”

ನಾನು ಕೈ ಇಳಿಸಿದೆ. ಪೆಟ್ಟಿಗೆಯಲ್ಲಿ ಪ್ರತಿ ನಾಣ್ಯದ ಕೆಳಗೂ ಅಸಲಿ, ನಕಲಿ ಎಂದು ಬರೆದ ಚೀಟಿಯಿದೆ. ಇದರ ಕೆಳಗೆ ಏನೂ ಬರೆದಿಲ್ಲ. ಕೈ ಜಾರಿಯೂ ಬೀಳದಿರಲಿ ಎಂದು ಹತ್ತಿಯಲ್ಲಿ ಸುತ್ತಿಟ್ಟಿದ್ದೇನೆ.